ಹಪ್ಪಳದ ಡಬ್ಬಿಯ ಪಕ್ಕದಲ್ಲೊಂದು ಕ್ಯಾಮೆರಾ

ನಮ್ಮ ಕಡೆ ಕ್ಯಾಮೆರಾಗಳು ಕೈಜಾರಿ ಬಿದ್ದು ಹಾಳಾಗುವುದಕ್ಕಿಂತ ಕಪಾಟಿನೊಳಗೆ ಭದ್ರವಾಗಿ ಕೂತು ಹಾಳಾಗುವುದೇ ಜಾಸ್ತಿ. ಬಯಲುಸೀಮೆಯವರಿಗೆ ಈ ಮಾತು ವಿಚಿತ್ರ ಅನ್ನಿಸಬಹುದು. ಧರ್ಮಸ್ಥಳ, ಉಜಿರೆ, ಬೆಳ್ತಂಗಡಿಯ ಸುತ್ತಮುತ್ತ ಒಂದೇ ಒಂದು ಮಳೆಗಾಲ ಕಳೆದವರಿಗೆ ವಿವರಿಸಬೇಕಾಗಿಲ್ಲ. ಜೂನ್ ಬಂತೆಂದರೆ ಚಪ್ಪಲಿಗೆ ಬೂಸ್ಟು, ಬೆಲ್ಟಿಗೆ ಬೂಸ್ಟು, ಮದುವೆ ಆಲ್ಬಮ್ಮಿನ ರಟ್ಟಿಗೆ ಬೂಸ್ಟು. ಚಾರ್ಮಾಡಿ ಘಾಟಿಯ ಕಡೆಯಿಂದ ಇಳಿದ ಮೋಡ ಸೀದಾ ಮನೆಯೊಳಗೆ ಬಂದು ಕೂತ ಹಾಗೆ. ಒಗೆದು ಹಾಕಿದ ಬಟ್ಟೆ ಮೂರು ದಿನವಾದರೂ ತಣ್ಣಗೇ ಇರುತ್ತದೆ. ಅಂಥಾದ್ದರಲ್ಲಿ ಕ್ಯಾಮೆರಾದ ಗಾಜೊಂದು ಬಚಾವಾಗುವುದುಂಟೇ?

ನಮ್ಮ ಮಾವನವರದ್ದೊಂದು ಕ್ಯಾಮೆರಾ ಇತ್ತು. ಆಗ್ಫಾ ಕ್ಲಿಕ್ 3. ಅರುವತ್ತು ಎಪ್ಪತ್ತರ ದಶಕದಲ್ಲಿ ನಮ್ಮ ದೇಶದಲ್ಲಿ ಮನೆಮಾತಾಗಿದ್ದ, ತೀರಾ ಸರಳವಾದ ಕಪ್ಪು ಡಬ್ಬಿ. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡು ಆದ ಮೇಲೆ ಸ್ಟುಡಿಯೋದವರು ತೊಳೆದು ಕೊಡುವ ತನಕ ಒಳಗೆ ಏನಿದೆ ಎಂದು ದೇವರಿಗೇ ಗೊತ್ತು. ಮಾವ ಅದನ್ನು ಚರ್ಮದ ಕವರಿನಲ್ಲಿ ಹಾಕಿ, ಕವರನ್ನು ಬಟ್ಟೆಯಲ್ಲಿ ಸುತ್ತಿ, ಗೋದ್ರೇಜ್ ಕಪಾಟಿನ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದರಂತೆ. ಅಷ್ಟು ಜೋಪಾನ. ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ ನಾವು ತೆಗೆದು ನೋಡಿದಾಗ ಲೆನ್ಸಿನ ಒಳಗೆ ಜೇಡರ ಬಲೆ ನೇಯ್ದ ಹಾಗೆ ಬಿಳಿ ಎಳೆಗಳು. ಒರೆಸಿದರೆ ಹೋಗುವಂಥದ್ದಲ್ಲ, ಅದು ಗಾಜಿನ ಆಚೆ ಬದಿಯಲ್ಲಿತ್ತು.

ಆ ಬಲೆಯೇ ಫಂಗಸ್. ಉಪ್ಪಿನಕಾಯಿ ಭರಣಿಯ ಬಾಯಿಗೆ ಬರುವ ಬೂಸ್ಟಿನ ಸಂಬಂಧಿಕ. ಗಾಜಿನ ಮೇಲೆ ಅದಕ್ಕೆ ತಿನ್ನಲಿಕ್ಕೆ ಎಂತ ಉಂಟು ಎಂದು ಕೇಳಬಹುದು. ನಮ್ಮ ಬೆರಳಚ್ಚಿನ ಜಿಡ್ಡು, ಧೂಳು, ಬೆವರು, ಅಷ್ಟು ಸಾಕು ಅದಕ್ಕೆ. ಕತ್ತಲೆ, ಗಾಳಿಯಾಡದ ಜಾಗ, ತೇವ ಮೂರೂ ಸೇರಿದರೆ ಹಬ್ಬದೂಟ. ಬೆಳೆಯುತ್ತಾ ಒಂದು ಬಗೆಯ ಆಮ್ಲ ಬಿಡುತ್ತದೆ. ಲೆನ್ಸಿನ ಮೇಲಿರುವ ತೆಳು ಲೇಪನವನ್ನು, ಬಿಟ್ಟರೆ ಗಾಜನ್ನೇ, ಆ ಆಮ್ಲ ಕೊರೆಯುತ್ತದೆ. ಬೇಗ ಕಣ್ಣಿಗೆ ಬಿದ್ದರೆ ರಿಪೇರಿಯವರು ಬಿಚ್ಚಿ ತೊಳೆದು ಕೊಡಬಹುದು. ಕೊರೆದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ಚರ್ಮದ ಕವರು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತು. ಪ್ರೀತಿಯಿಂದ ಹೊದಿಸಿದ ಹೊದಿಕೆಯೇ ತೇವದ ಉಗ್ರಾಣ ಆಯಿತು, ಅಷ್ಟೆ.

ಹೀಗಾಗಿ ಮೂರು ವರ್ಷದ ಹಿಂದೆ ಭಾವ ಅಬುಧಾಬಿಯಿಂದ ರಜೆಗೆ ಬಂದು, ತಾನು ಹೊಸದು ಕೊಂಡದ್ದಕ್ಕೆ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು "ಇದು ನಿನಗೆ, ಮಕ್ಕಳ ಫೋಟೋ ತೆಗಿ" ಎಂದು ನನ್ನ ಕೈಗೆ ಕೊಟ್ಟಾಗ, ನನಗೆ ಮೊದಲು ಬಂದ ಯೋಚನೆ ಫೋಟೋ ಹೇಗೆ ತೆಗೆಯುವುದು ಎಂಬುದಲ್ಲ. ಇದನ್ನು ಎಲ್ಲಿ ಇಡುವುದು ಎಂಬುದು. ಅದು ಮೇ ತಿಂಗಳು. ಪತ್ತನಾಜೆಗೆ ನಾಲ್ಕು ದಿನ ಬಾಕಿ. ನಮ್ಮಲ್ಲಿ ಪತ್ತನಾಜೆ ಎಂದರೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ದಿನ. ಆಮೇಲೆ ಬರುವುದು ಮಳೆಯೇ.

ಪಕ್ಕದ ಮನೆಯ ಹುಡುಗನೊಬ್ಬ ಉಜಿರೆಯ ರುಡ್‌ಸೆಟ್ ಸಂಸ್ಥೆಯಲ್ಲಿ ಫೋಟೋಗ್ರಫಿ ಮತ್ತು ವಿಡಿಯೋಗ್ರಫಿ ಕಲಿತು ಬಂದಿದ್ದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಲ್ಲಿ, ಆಗಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆ ಸೇರಿ ಶುರುವಾದ ಸಂಸ್ಥೆ ಅದು. ಕೆಲಸವಿಲ್ಲದ ಹಳ್ಳಿಯ ಯುವಕ ಯುವತಿಯರಿಗೆ ಊಟ ವಸತಿ ಸಹಿತ ಉಚಿತವಾಗಿ ಒಂದೊಂದು ಕಸುಬು ಕಲಿಸುತ್ತಾರೆ. ಹೊಲಿಗೆ, ಜೇನು ಸಾಕಣೆ, ಮೊಬೈಲ್ ರಿಪೇರಿ, ಹೀಗೆ. ಈ ಮಾದರಿ ಎಷ್ಟು ಚೆನ್ನಾಗಿ ನಡೆಯಿತೆಂದರೆ ಮುಂದೆ ಕೇಂದ್ರ ಸರಕಾರವೇ ದೇಶದ ಜಿಲ್ಲೆ ಜಿಲ್ಲೆಗೂ ಇಂಥದ್ದೊಂದು ಸಂಸ್ಥೆ ಬೇಕೆಂದು ಬ್ಯಾಂಕುಗಳಿಗೆ ಹೇಳಿತು. ನಮ್ಮ ಹುಡುಗ ಅಲ್ಲಿಂದ ಬಂದವನು ಈಗ ಮದುವೆ, ಉಪನಯನ, ಗೃಹಪ್ರವೇಶ ಎಂದು ಓಡಾಡುತ್ತಿರುತ್ತಾನೆ. ಮಳೆಗಾಲದಲ್ಲಿ ಮುಹೂರ್ತ ಕಡಿಮೆಯಾದ ಕಾರಣ ನನಗೆ ಗುರು ಸಿಕ್ಕಿದ.

"ಅಕ್ಕಾ, ಮೊದ್ಲು ಈ ಬ್ಯಾಗಿನಿಂದ ಹೊರಗೆ ತೆಗೀರಿ ಅದನ್ನು," ಅಂದ ಬಂದವನೇ. "ಬ್ಯಾಗು ತಿರುಗಾಡ್ಲಿಕ್ಕೆ ಮಾತ್ರ. ಮನೆಯಲ್ಲಿ ಇಡ್ಲಿಕ್ಕೆ ಅಲ್ಲ."

ಅವನು ಹೇಳಿದ ವ್ಯವಸ್ಥೆ ಕೇಳಿ ನಗು ಬಂತು. ಗಾಳಿಯಾಡದ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ರಬ್ಬರಿನ ಸುತ್ತು ಇರಬೇಕು. ಒಳಗೆ ಸಿಲಿಕಾ ಜೆಲ್ ಹರಳು. ಜೊತೆಗೆ ಗಾಳಿಯ ತೇವ ತೋರಿಸುವ ಒಂದು ಸಣ್ಣ ಮೀಟರು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಗು ಬಂದದ್ದು ಯಾಕೆಂದರೆ ಇದೇ ಶಾಸ್ತ್ರವನ್ನು ನಮ್ಮ ಅತ್ತೆ ಹಲಸಿನ ಹಪ್ಪಳಕ್ಕೆ ಐವತ್ತು ವರ್ಷದಿಂದ ಮಾಡುತ್ತಾ ಬಂದಿದ್ದಾರೆ. ಬೇಸಗೆಯಲ್ಲಿ ಒಣಗಿಸಿದ ಹಪ್ಪಳ ಆಟಿ ತಿಂಗಳ ತನಕ ಗರಿಗರಿ ಉಳಿಯಬೇಕಾದರೆ ಡಬ್ಬಿ ಬಿಗಿ ಇರಬೇಕು, ಪದೇ ಪದೇ ತೆಗೆಯಬಾರದು, ಒದ್ದೆ ಕೈ ಹಾಕಲೇಬಾರದು. ಅತ್ತೆ ಕಟ್ಟೆಯ ಮೇಲೆ ಕೂತು ಎಲ್ಲಾ ಕೇಳಿಸಿಕೊಂಡು, "ಹಪ್ಪಳದ ಡಬ್ಬಿ ಪಕ್ಕ ಇಡು, ಅಲ್ಲಿ ಒಲೆಯ ಬೆಚ್ಚಗೆ ಉಂಟು" ಅಂದರು. ಒಲೆಗೆ ತೀರಾ ಹತ್ತಿರ ಬೇಡ, ಹೊಗೆ ಮತ್ತು ಒಗ್ಗರಣೆಯ ಜಿಡ್ಡು ಆಗದು ಎಂದ ಹುಡುಗ. ಕೊನೆಗೆ ಊಟದ ಕೋಣೆಯ ಮೇಲಿನ ಹಲಗೆಯಲ್ಲಿ, ಹಪ್ಪಳದ ಡಬ್ಬಿಯ ಪಕ್ಕವೇ, ಕ್ಯಾಮೆರಾದ ಡಬ್ಬಿಗೂ ಜಾಗವಾಯಿತು.

ಮೀಟರು ಹೊರಗಿಟ್ಟರೆ ಜುಲೈಯಲ್ಲಿ ತೊಂಬತ್ತರ ಮೇಲೆ ತೋರಿಸುತ್ತದೆ. ಡಬ್ಬಿಯೊಳಗೆ ನಲುವತ್ತರಿಂದ ಐವತ್ತರ ನಡುವೆ ಇದ್ದರೆ ಒಳ್ಳೆಯದು. ಅರುವತ್ತು ದಾಟಿ ಹೆಚ್ಚು ದಿನ ನಿಂತರೆ ಫಂಗಸ್‌ಗೆ ಆಮಂತ್ರಣ ಪತ್ರಿಕೆ ಕೊಟ್ಟ ಹಾಗೆ. ಹಾಗೆಂದು ಹರಳು ಸುರಿದು ಸುರಿದು ಇಪ್ಪತ್ತಕ್ಕೆ ಇಳಿಸುವುದೂ ಬೇಡ, ರಬ್ಬರು ಭಾಗಗಳು ಒಣಗಿ ಬಿರುಸಾಗುತ್ತವೆ. ಸಿಲಿಕಾ ಜೆಲ್ ತೇವ ಕುಡಿದು ತುಂಬಿದ ಮೇಲೆ ಬಣ್ಣ ಬದಲಿಸುತ್ತದೆ. ನೀಲಿ ಬಣ್ಣದ್ದು ಗುಲಾಬಿಯಾಗುತ್ತದೆ, ಕಿತ್ತಳೆ ಬಣ್ಣದ್ದು ಹಸಿರಾಗುತ್ತದೆ. ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬಂದು ಮತ್ತೆ ಕೆಲಸ ಮಾಡುತ್ತದೆ. ಇಲ್ಲಿ ಅಡುಗೆಮನೆಯವರು ಕಿವಿಗೊಡಬೇಕಾದ ಮಾತೊಂದಿದೆ. ನೀಲಿ ಹರಳಿಗೆ ಆ ಬಣ್ಣ ಬರುವುದು ಕೋಬಾಲ್ಟ್ ಲವಣದಿಂದ, ಅದು ವಿಷ. ಆದ್ದರಿಂದ ಕಿತ್ತಳೆಯದ್ದನ್ನೇ ತರಿಸುವುದು ವಾಸಿ. ಯಾವುದಾದರೂ ಸರಿ, ಅದಕ್ಕೆಂದೇ ಒಂದು ಹಳೆಯ ಬಾಣಲೆ ಬೇರೆ ಇಡಬೇಕು. ದೋಸೆ ಕಾವಲಿಯ ಮೇಲೆ ಖಂಡಿತ ಬೇಡ.

ಅಕ್ಕಿ ಡಬ್ಬದಲ್ಲಿ ಹೂತಿಡಿ ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಅಕ್ಕಿ ತೇವ ಹೀರುವುದು ತೀರಾ ನಿಧಾನ, ಅದರ ಹುಡಿ ಕ್ಯಾಮೆರಾದ ಸಂದುಗಳಿಗೆ ಹೋಗುವುದು ತೀರಾ ಬೇಗ. ಕುಚ್ಚಲಕ್ಕಿ ಗಂಜಿಗೇ ಇರಲಿ.

ಇನ್ನು ಒರೆಸುವ ವಿಷಯ. ಹೆಂಗಸರಾದ ನಮಗೆ ಕೈಗೆ ಮೊದಲು ಸಿಗುವುದು ಸೆರಗು, ಗಂಡಸರಿಗೆ ಪಂಚೆಯ ತುದಿ. ಕನ್ನಡಕವನ್ನು ಹಾಗೆ ಒರೆಸಿ ಒರೆಸಿ ಗೀರು ಬೀಳಿಸಿಕೊಂಡವರು ಎಲ್ಲಾ ಮನೆಯಲ್ಲೂ ಇದ್ದಾರೆ. ಲೆನ್ಸಿನ ಮೇಲೆ ಕೂತದ್ದು ಬರೀ ಧೂಳಲ್ಲ, ಅದರಲ್ಲಿ ಕಣ್ಣಿಗೆ ಕಾಣದ ಮರಳಿನ ಚೂರಿರುತ್ತದೆ. ಅಡಿಕೆ ಒಣಗುವ ಅಂಗಳದ ಧೂಳಂತೂ ಕೇಳುವುದೇ ಬೇಡ. ಒರೆಸಿದರೆ ಆ ಚೂರಿನಿಂದಲೇ ಉಜ್ಜಿದ ಹಾಗೆ. ಮೊದಲು ರಬ್ಬರಿನ ಬುರುಡೆಯಂಥ ಬ್ಲೋವರ್ ಒತ್ತಿ ಗಾಳಿ ಬಿಡಬೇಕು. ಆಮೇಲೆ ಮೆತ್ತನೆಯ ಬ್ರಷ್. ಇನ್ನೂ ಜಿಡ್ಡು ಉಳಿದರೆ ಮಾತ್ರ ಲೆನ್ಸ್ ಒರೆಸುವ ದ್ರವದ ಒಂದು ಹನಿಯನ್ನು ಬಟ್ಟೆಗೆ ಹಾಕಿ, ಗಾಜಿಗೆ ಅಲ್ಲ ಬಟ್ಟೆಗೆ, ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ. ಬಾಯಿಂದ ಊದಬಾರದು, ಎಂಜಲಿನ ಹನಿ ಹಾರುತ್ತದೆ. ಕೈಯಲ್ಲಿ ತೆಂಗಿನೆಣ್ಣೆ ಪಸೆ ಇರುವಾಗ ಮುಟ್ಟಲೇಬಾರದು. ನಮ್ಮ ಊರಲ್ಲಿ ಇದು ಸಣ್ಣ ನಿಯಮ ಅಲ್ಲ, ಬೆಳಿಗ್ಗೆ ಮಕ್ಕಳ ತಲೆ ಬಾಚಿದ ಕೈಯಲ್ಲೇ ಉಳಿದ ಕೆಲಸವೆಲ್ಲ ನಡೆಯುವುದು.

ಇಲ್ಲೊಂದು ತಮಾಷೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ನೀವು ಹೋಗಿರಬಹುದು. ದೇವರ ದರ್ಶನ, ಅನ್ನಪೂರ್ಣದಲ್ಲಿ ಊಟ ಮುಗಿಸಿ ಬಸ್ಸಿಗೆ ಇನ್ನೂ ಹೊತ್ತಿರುವವರೆಲ್ಲ ಒಂದು ಸುತ್ತು ಹಾಕುವ ಜಾಗ. ಅಲ್ಲಿ ತಾಳೆಗರಿಯ ಗ್ರಂಥಗಳೂ ಇವೆ, ಹಳೆಯ ಕಾಲದ ಕ್ಯಾಮೆರಾಗಳೂ ಇವೆ. ತಾಳೆಗರಿಯನ್ನು ಉಳಿಸಬೇಕಾದರೆ ಎಣ್ಣೆ ಸವರಬೇಕು, ಇಲ್ಲದಿದ್ದರೆ ಒಣಗಿ ಮುರಿಯುತ್ತದೆ. ಕ್ಯಾಮೆರಾ ಉಳಿಯಬೇಕಾದರೆ ಎಣ್ಣೆ ಸೋಕಬಾರದು. ಎರಡೂ ನೆನಪು ಕಾಯುವ ವಸ್ತುಗಳೇ, ಆರೈಕೆ ಮಾತ್ರ ಉತ್ತರ ದಕ್ಷಿಣ. ಕ್ಯಾಮೆರಾ ಕಲಿಯಲು ಹೊರಟವರು ಆ ಸಾಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಎಂದು ನನ್ನ ಅಭಿಪ್ರಾಯ. ಅಷ್ಟೂ ಪೆಟ್ಟಿಗೆಗಳಲ್ಲಿ ಇರುವುದು ಒಂದೇ ಉಪಾಯ. ಕತ್ತಲೆ ಕೋಣೆ, ಒಂದು ಕಿಂಡಿ, ಕಿಂಡಿಗೊಂದು ಬಾಗಿಲು. ಡಿಜಿಟಲ್‌ನಲ್ಲಿ ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂದಿದೆ, ಉಳಿದದ್ದೆಲ್ಲ ಅದೇ.

ಆ ಕಿಂಡಿ ಬಾಗಿಲಿನ ಲೆಕ್ಕ ತಲೆಗೆ ಹೋಗುವುದೇ ಕಷ್ಟ. ಹುಡುಗ ಅಪರ್ಚರ್, ಶಟರ್, ಐಎಸ್ಒ ಎಂದು ಮೂರು ಹೆಸರು ಹೇಳಿ ಕಾಗದದಲ್ಲಿ ತ್ರಿಕೋನ ಬರೆದ. ನನಗೆ ತ್ರಿಕೋನ ಹತ್ತಲಿಲ್ಲ, ದೋಸೆ ಹತ್ತಿತು. ಅಪರ್ಚರ್ ಎಂದರೆ ಉರಿ ಎಷ್ಟು ದೊಡ್ಡದು ಎಂಬುದು. ಶಟರ್ ಎಂದರೆ ದೋಸೆ ಎಷ್ಟು ಹೊತ್ತು ಕಾವಲಿಯ ಮೇಲಿತ್ತು ಎಂಬುದು. ದೊಡ್ಡ ಉರಿ ಕೊಟ್ಟರೆ ಬೇಗ ತೆಗೆಯಬೇಕು, ಸಣ್ಣ ಉರಿಯಾದರೆ ಹೊತ್ತು ಬಿಡಬೇಕು. ಐಎಸ್ಒ ಎಂದರೆ ಹಿಟ್ಟಿಗೆ ಹಾಕುವ ಸೋಡಾ. ಹೊತ್ತಿಲ್ಲ, ಉರಿಯೂ ಸಾಲದು ಎಂದಾದಾಗ ಚಿಟಿಕೆ ಸೋಡಾ ಕೈ ಹಿಡಿಯುತ್ತದೆ. ಜಾಸ್ತಿಯಾದರೆ ಉಬ್ಬುತ್ತದೆ ನಿಜ, ರುಚಿ ಕೆಡುತ್ತದೆ. ಫೋಟೋದಲ್ಲಿ ಆ ಕೆಟ್ಟ ರುಚಿಗೆ ಕಾಳು ಕಾಳು ಎನ್ನುತ್ತಾರೆ, ಕತ್ತಲೆಯಲ್ಲಿ ತೆಗೆದ ಚಿತ್ರದಲ್ಲಿ ರವೆ ಚೆಲ್ಲಿದ ಹಾಗೆ ಕಾಣುತ್ತದಲ್ಲ, ಅದೇ. ಒಂದು ಗೊಂದಲದ ಬಗ್ಗೆ ಮಾತ್ರ ಎಚ್ಚರ: ಅಪರ್ಚರಿನ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಯಾಕೆ ಹೀಗೆ ತಲೆಕೆಳಗು ಎಂದರೆ ಅದು ಭಿನ್ನರಾಶಿಯ ಛೇದ. ಎರಡರಲ್ಲಿ ಒಂದು ಪಾಲು ಎಂಟರಲ್ಲಿ ಒಂದು ಪಾಲಿಗಿಂತ ದೊಡ್ಡದಲ್ವಾ, ಹಾಗೆ.

ಅಭ್ಯಾಸಕ್ಕೆ ನಮಗೆ ದೇವರೇ ಒಂದು ಪರೀಕ್ಷೆಯ ಕೋಣೆ ಕೊಟ್ಟಿದ್ದಾನೆ, ಲಕ್ಷದೀಪೋತ್ಸವ. ಕಾರ್ತಿಕ ಮಾಸದ ಕೊನೆಯಲ್ಲಿ ಐದು ದಿನ. ಹೊಸಕಟ್ಟೆ, ಕೆರೆಕಟ್ಟೆ, ಲಲಿತೋದ್ಯಾನ, ಕಂಚಿಮಾರುಕಟ್ಟೆ, ಗೌರಿಮಾರುಕಟ್ಟೆ ಎಂದು ದಿನಕ್ಕೊಂದು ಉತ್ಸವ. ನಡುವೆ ಸರ್ವಧರ್ಮ ಸಮ್ಮೇಳನ, ಸಾಹಿತ್ಯ ಸಮ್ಮೇಳನ. ಸರ್ವಧರ್ಮ ಸಮ್ಮೇಳನ ಶುರುವಾದದ್ದು 1933ರಲ್ಲಿ, ನೋಡಿ ಎಷ್ಟು ಹಳೆಯದು. ದೇವಸ್ಥಾನದ ಒಳಗೆ ಕ್ಯಾಮೆರಾ ಒಯ್ಯುವಂತಿಲ್ಲ, ಅದು ಸರಿಯೇ. ಕ್ಯಾಮೆರಾದ ಕೆಲಸವೆಲ್ಲ ಹೊರಗೆ, ಬೀದಿಯಲ್ಲಿ, ದ್ವಾರದಲ್ಲಿ.

ಆಟೋದಲ್ಲಿಟ್ಟು ದೀಪಾಲಂಕಾರದ ಚಿತ್ರ ತೆಗೆದರೆ ಕ್ಯಾಮೆರಾ ಏನು ಮಾಡುತ್ತದೆ ಗೊತ್ತಾ? ಆಕಾಶದ ಕತ್ತಲೆ ನೋಡಿ ಹೆದರುತ್ತದೆ. "ಅಯ್ಯೋ ಎಷ್ಟು ಕಪ್ಪು" ಎಂದು ಎಲ್ಲವನ್ನೂ ಬೆಳಗಿಸಲು ಹೋಗಿ ದೀಪಗಳನ್ನು ಬಿಳಿ ಮುದ್ದೆ ಮಾಡಿ ಇಡುತ್ತದೆ. ಕೂಡಿಸು ಕಳೆ ಚಿಹ್ನೆ ಇರುವ ಒಂದು ಗುಂಡಿ ಇರುತ್ತದೆ. ಅದನ್ನು ಕಳೆಯುವ ಬದಿಗೆ ಒಂದೂವರೆ, ಎರಡು ಹೆಜ್ಜೆ ತಿರುಗಿಸಿದರೆ ದೀಪ ದೀಪವಾಗುತ್ತದೆ, ಕತ್ತಲೆ ಕತ್ತಲೆಯಾಗಿ ಉಳಿಯುತ್ತದೆ. ಇನ್ನೂ ಒಳ್ಳೆಯದೆಂದರೆ ಪೂರ್ತಿ ಕತ್ತಲಾಗುವ ತನಕ ಕಾಯದಿರುವುದು. ಸೂರ್ಯ ಮುಳುಗಿದ ಮೇಲಿನ ಇಪ್ಪತ್ತು, ಇಪ್ಪತ್ತೈದು ನಿಮಿಷ ಆಕಾಶ ಗಾಢ ನೀಲಿಯಾಗಿರುತ್ತದೆ. ಆಗ ತೆಗೆದರೆ ಗೋಪುರದ ಅಂಚೂ ಕಾಣುತ್ತದೆ, ದೀಪವೂ ಕಾಣುತ್ತದೆ. ತ್ರಿಪಾದಿ ಸ್ಟ್ಯಾಂಡ್ ಆ ಜನಜಂಗುಳಿಯಲ್ಲಿ ಊರಲಿಕ್ಕಾಗದು, ಯಾರಾದರೂ ಎಡವಿಯಾರು. ಗೋಡೆಗೋ ಕಂಬಕ್ಕೋ ಒರಗಿ, ಮೊಣಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಉಸಿರು ಬಿಟ್ಟು ಮೆಲ್ಲ ಒತ್ತಬೇಕು.

ಆಟದ ರಂಗಸ್ಥಳದ್ದು ಬೇರೆಯೇ ಪಾಠ. ವೇಷಧಾರಿ ದಿಗಿಣ ಹಾಕುವಾಗ ಶಟರ್ ಇನ್ನೂರೈವತ್ತರಲ್ಲಿ ಒಂದು ಸೆಕೆಂಡಿಗಿಂತ ನಿಧಾನವಾದರೆ ಕಿರೀಟವೆಲ್ಲ ಹೊಗೆಯಾಗುತ್ತದೆ. ಅಲ್ಲಿ ಸೋಡಾ ಧಾರಾಳ ಹಾಕಲೇಬೇಕು, ಐಎಸ್ಒ ಮೂರು ಸಾವಿರ ದಾಟಿದರೂ ಸರಿ. ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಬಣ್ಣದ ವೇಷ ಕುಣಿಯುತ್ತಿರುವಾಗ ಕಣ್ಣಿಗೆ ಪಳಕ್ಕೆಂದು ಬೆಳಕು ಹೊಡೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಮಂಜಿನ ಬಗ್ಗೆ ಯಾತ್ರಿಕರಿಗೆ ಒಂದು ಮಾತು. ರಾತ್ರಿಯಿಡೀ ಏಸಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ನೇತ್ರಾವತಿ ಸ್ನಾನಘಟ್ಟದಲ್ಲಿ ಇಳಿದು, ನದಿಯ ಮೇಲಿನ ಮಂಜು ಕಂಡ ಕೂಡಲೇ ಕ್ಯಾಮೆರಾ ಹೊರತೆಗೆದರೆ, ಮಂಜು ನದಿಯ ಮೇಲಲ್ಲ ಲೆನ್ಸಿನ ಮೇಲಿರುತ್ತದೆ. ತಣ್ಣಗಿನ ಗಾಜಿಗೆ ನಮ್ಮ ಊರಿನ ಬೆಚ್ಚಗಿನ ತೇವದ ಗಾಳಿ ತಾಗಿ ನೀರು ಕಟ್ಟುತ್ತದೆ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ. ಹೊರಗಿನ ಗಾಜು ಒರೆಸಬಹುದು, ಒಳಗೆ ಕಟ್ಟಿದ್ದು ಒರೆಸಲಾಗದು. ಬ್ಯಾಗಿನ ಜಿಪ್ಪು ತೆಗೆಯದೆ ಅರ್ಧ ಗಂಟೆ ಬಿಟ್ಟರೆ ಕ್ಯಾಮೆರಾ ಮೆಲ್ಲನೆ ಊರಿನ ಹವೆಗೆ ಹೊಂದಿಕೊಳ್ಳುತ್ತದೆ. ಅಷ್ಟರಲ್ಲಿ ನಿಮ್ಮ ಸ್ನಾನವೂ ಮುಗಿಯುತ್ತದೆ.

ಬ್ಯಾಟರಿ, ಕಾರ್ಡು ಎರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ಹೊರಗೆ ತೆಗೆದು, ಅರ್ಧ ಚಾರ್ಜಿನಲ್ಲಿ ಇಡಬೇಕು, ಪೂರ್ತಿ ಖಾಲಿ ಮಾಡಿ ಅಲ್ಲ. ಕಾರ್ಡನ್ನು ಕಂಪ್ಯೂಟರಿನಲ್ಲಿ ಅಳಿಸುವ ಬದಲು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಬೇಕು. ಅದಕ್ಕೂ ಮೊದಲು ಚಿತ್ರಗಳು ಎರಡು ಬೇರೆ ಬೇರೆ ಕಡೆ ಸೇರಿರಬೇಕು. ಒಂದೇ ಮನೆಯ ಒಂದೇ ಕಂಪ್ಯೂಟರಿನ ಎರಡು ಫೋಲ್ಡರು ಎರಡು ಕಡೆ ಅಲ್ಲ. ನಮ್ಮಲ್ಲಿ ಸಿಡಿಲಿಗೆ ಟಿವಿ, ಮೋಡೆಮ್, ಕಂಪ್ಯೂಟರು ಒಂದೇ ಸಂಜೆ ಹೋಗುವುದುಂಟು.

ಇಷ್ಟೆಲ್ಲ ಕಲಿತದ್ದು ಯಾವುದಕ್ಕೆ ಉಪಯೋಗಕ್ಕೆ ಬಂತು ಎಂದರೆ, ಮಕ್ಕಳ ಫೋಟೋಗೂ ಅಲ್ಲ, ದೀಪೋತ್ಸವಕ್ಕೂ ಅಲ್ಲ.

ಮಾವನ ಕ್ಯಾಮೆರಾದ ಜೊತೆ ಒಂದು ಬಿಸ್ಕತ್ತಿನ ತಗಡಿನ ಡಬ್ಬವೂ ಇತ್ತು. ಅದರಲ್ಲಿ ನೆಗೆಟಿವ್‌ಗಳು. ಪ್ರಿಂಟುಗಳು ಯಾರ್ಯಾರದ್ದೋ ಮನೆ ಸೇರಿ, ಪಾಲಾಗಿ, ಮಳೆಯಲ್ಲಿ ನೆನೆದು ಹೋಗಿದ್ದವು. ಒಂದು ಕಾಗದದ ಲಕೋಟೆಯ ಮೇಲೆ ಮಾವನ ಕೈಬರಹ: ಬಾಹುಬಲಿ, 1973. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದ 39 ಅಡಿಯ ಏಕಶಿಲಾ ಮೂರ್ತಿಯನ್ನು ಆ ವರ್ಷ ದೊಡ್ಡ ಟ್ರೈಲರಿನಲ್ಲಿ ಮಲಗಿಸಿ ಧರ್ಮಸ್ಥಳಕ್ಕೆ ತಂದರು. ಈಗ ರತ್ನಗಿರಿಯ ಮೇಲೆ ನಿಂತಿರುವ ಬಾಹುಬಲಿ ಅದೇ. 1982ರಲ್ಲಿ ಪ್ರತಿಷ್ಠೆಯಾಗಿ, ಈಚಿನ ಮಹಾಮಸ್ತಕಾಭಿಷೇಕ 2019ರಲ್ಲಿ ನಡೆಯಿತು. ಮೂರ್ತಿ ಬರುವಾಗ ದಾರಿಯುದ್ದಕ್ಕೂ ಜನ ನಿಂತಿದ್ದರಂತೆ. ಆ ಜನರ ನಡುವೆ ಕ್ಲಿಕ್ 3 ಹಿಡಿದ ಮಾವನೂ ಇದ್ದರು. ಒಂದು ರೋಲು, ಹನ್ನೆರಡು ಚಿತ್ರ.

ಲೆನ್ಸಿಗೆ ಹಿಡಿದ ಬೂಸ್ಟೇ ನೆಗೆಟಿವ್‌ಗೂ ಹಿಡಿಯುತ್ತದೆ. ಫಿಲ್ಮಿನ ಮೇಲಿನ ಪದರ ಜೆಲಟಿನ್, ಅದಕ್ಕೆ ಅದು ಪಾಯಸ. ಹನ್ನೆರಡರಲ್ಲಿ ಮೂರು ಒಂದಕ್ಕೊಂದು ಅಂಟಿ ಹೋಗಿದ್ದವು. ಬಿಡಿಸಲು ಹೋದರೆ ಪದರವೇ ಎದ್ದು ಬರುವ ಹಾಗಿತ್ತು, ಆದ್ದರಿಂದ ಮುಟ್ಟದೆ ಹಾಗೇ ಇಟ್ಟೆವು. ಉಳಿದ ಒಂಬತ್ತನ್ನಾದರೂ ಇನ್ನೊಂದು ಮಳೆಗಾಲ ಬರುವ ಮೊದಲು ಚಿತ್ರ ಮಾಡಿ ಇಡಬೇಕಿತ್ತು. ಉಜಿರೆಯಲ್ಲಿ, ಮಂಗಳೂರಿನಲ್ಲಿ ವಿಚಾರಿಸಿದರೆ ಈ ಅಳತೆಯ ನೆಗೆಟಿವ್ ಸ್ಕ್ಯಾನ್ ಮಾಡುವವರು ಸುಲಭಕ್ಕೆ ಸಿಗಲಿಲ್ಲ. "ಅಕ್ಕಾ, ನಿಮ್ಮ ಕ್ಯಾಮೆರಾ ಎಂತಕ್ಕೆ ಇರುದು?" ಎಂದ ಹುಡುಗ.

ವಿಧಾನ ಕಷ್ಟದ್ದಲ್ಲ, ತಾಳ್ಮೆಯದ್ದು. ಮಗಳ ಟ್ಯಾಬ್ಲೆಟ್ಟಿನ ಪರದೆಯನ್ನು ಪೂರ್ತಿ ಬಿಳಿ ಮಾಡಿ ಪ್ರಖರತೆ ಏರಿಸಿದೆವು. ಅದರ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ, ಎರಡು ರಟ್ಟಿನ ನಡುವೆ ನೆಗೆಟಿವ್ ಸಿಕ್ಕಿಸಿದೆವು. ಪರದೆಗೆ ನೇರ ತಾಗಿಸಿದರೆ ಅದರ ಚುಕ್ಕಿಗಳೂ ಚಿತ್ರದಲ್ಲಿ ಬರುತ್ತವೆ. ಮೇಲಿನಿಂದ ನೇರ ಕೆಳಗೆ ನೋಡುವ ಹಾಗೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ, ಲೆನ್ಸನ್ನು ಕೊನೆಯ ಐವತ್ತೈದಕ್ಕೆ ತಿರುಗಿಸಿ, ಕೈಯಿಂದ ಫೋಕಸ್ ಮಾಡಿ, ಅಪರ್ಚರ್ ಎಂಟು, ಐಎಸ್ಒ ನೂರು. ಸೋಡಾ ಇಲ್ಲದ ಶುದ್ಧ ಹಿಟ್ಟು. ಗುಂಡಿ ಒತ್ತುವ ಬೆರಳು ಕೂಡ ಅಲುಗಿಸುತ್ತದೆ ಎಂದು ಎರಡು ಸೆಕೆಂಡಿನ ಟೈಮರು. ಕೋಣೆಯ ಬೇರೆ ದೀಪ ಎಲ್ಲಾ ಬಂದ್. ಪ್ರತಿ ನೆಗೆಟಿವಿಗೂ ಮೊದಲು ಬ್ಲೋವರಿನ ಗಾಳಿ, ನೀರು ಖಂಡಿತ ಇಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡುವುದು. ಅದಕ್ಕೆ ದುಡ್ಡು ಕೊಡದೆ ಸಿಗುವ ತಂತ್ರಾಂಶವೇ ಸಾಕು.

ಒಂದೊಂದಾಗಿ ಎದ್ದು ಬಂದವು. ಟ್ರೈಲರಿನ ಸಾಲು ಸಾಲು ಚಕ್ರ. ಹಗ್ಗ, ಮರದ ದಿಮ್ಮಿ. ಮುಂಡಾಸು ಕಟ್ಟಿದ ಗಂಡಸರು. ಮೂರ್ತಿಯ ಪಾದದ ಹತ್ತಿರ ಒಂದು ಹುಡುಗ, ಬೆರಳುಗಳ ಎತ್ತರಕ್ಕೂ ಬಾರದವನು. ಒಂದು ಚಿತ್ರದ ಅರ್ಧ ಭಾಗ ಫಂಗಸ್ ತಿಂದು ಹೂವಿನ ರಂಗೋಲಿಯ ಹಾಗಾಗಿದೆ, ಉಳಿದರ್ಧದಲ್ಲಿ ಕೊಡೆ ಹಿಡಿದ ಮುದುಕ ನಗುತ್ತಿದ್ದಾನೆ. ಕೊನೆಯ ಚಿತ್ರದಲ್ಲಿ ಮೂರ್ತಿಯೂ ಇಲ್ಲ, ಟ್ರೈಲರೂ ಇಲ್ಲ. ದಾರಿ ಬದಿಯ ಕಟ್ಟೆಯ ಮೇಲೆ ಒಬ್ಬಳು ಹುಡುಗಿ ನಿಂತಿದ್ದಾಳೆ. ಇಪ್ಪತ್ತೋ ಇಪ್ಪತ್ತೊಂದೋ. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಕ್ಯಾಮೆರಾ ಹಿಡಿದವನನ್ನು ನೋಡಿ ನಗು ತಡೆದುಕೊಂಡ ಹಾಗಿದೆ.

ನಮ್ಮ ಅತ್ತೆಯ ಫೋಟೋ ಎಂದು ಈ ಮನೆಯಲ್ಲಿ ಇದ್ದದ್ದು ಒಂದೇ, ವೋಟರ್ ಕಾರ್ಡಿನದ್ದು. ಅದರಲ್ಲಿ ಯಾರನ್ನೋ ಹಿಡಿದು ತಂದ ಹಾಗೆ ಕಾಣುತ್ತಾರೆ. ಮದುವೆಯಲ್ಲಿ ಫೋಟೋ ತೆಗೆಸುವ ಅನುಕೂಲ ಇರಲಿಲ್ಲವಂತೆ. ಆಮೇಲೆ ಯಾರೇ ಕ್ಯಾಮೆರಾ ತಂದರೂ ಅತ್ತೆ ಒಳಗೆ ಹೋಗಿ ಒಲೆಗೆ ಕಟ್ಟಿಗೆ ದೂಡುತ್ತಾ ಕೂರುವವರು. ನಾನು ಕಳೆದ ಎರಡು ವರ್ಷದಲ್ಲಿ ಎಷ್ಟು ಸಲ ಎತ್ತಿದ್ದೇನೋ, ಪ್ರತಿ ಸಲವೂ "ಎಂತದ್ದು ಅದು, ಕೋವಿ ಹಿಡಿದ ಹಾಗೆ" ಎಂದು ಸೆರಗು ಮುಖಕ್ಕೆ.

ಕಂಪ್ಯೂಟರಿನ ಮುಂದೆ ಕೂರಿಸಿ ಆ ಹುಡುಗಿಯನ್ನು ತೋರಿಸಿದೆ. ಕನ್ನಡಕ ಸರಿ ಮಾಡಿ, ಬಗ್ಗಿ, ಬಹಳ ಹೊತ್ತು ನೋಡಿದರು. ನಾವೆಲ್ಲ ಸುಮ್ಮನೆ ನಿಂತಿದ್ದೆವು.

"ಆ ಸೀರೆ ನನ್ನದಲ್ಲ," ಅಂದರು ಕೊನೆಗೆ. "ನಾದಿನಿಯದ್ದು. ಬಾಹುಬಲಿ ನೋಡ್ಲಿಕ್ಕೆ ಹೋಗುದಕ್ಕೆ ಕೇಳಿ ಉಟ್ಕೊಂಡದ್ದು. ವಾಪಸು ಕೊಡುವಾಗ ಅಂಚಿಗೆ ಕೆಸರಾಗಿತ್ತು, ಅವಳು ಎರಡು ದಿನ ಮಾತಾಡ್ಲಿಲ್ಲ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಇವರು ಇದನ್ನು ನನಗೆ ತೋರಿಸ್ಲೇ ಇಲ್ಲ ಮಾರಾಯ್ತಿ. ತೆಗ್ದದ್ದೂ ಗೊತ್ತಿಲ್ಲ."

ಆ ಚಿತ್ರವನ್ನು ಮೂರು ಪ್ರತಿ ಮಾಡಿಸಿದೆವು. ಒಂದು ಗೋಡೆಗೆ, ಒಂದು ಭಾವನಿಗೆ, ಒಂದು ಆ ನಾದಿನಿಗೆ. ಅವರೂ ಇದ್ದಾರೆ, ವೇಣೂರಿನ ಕಡೆ, ಎಂಬತ್ತರ ಹತ್ತಿರ. ಅವರಿಗೆ ಸೀರೆಯ ನೆನಪಿದೆ, ಕೆಸರಿನ ನೆನಪಿಲ್ಲವಂತೆ.

ಅಂಟಿಕೊಂಡ ಆ ಮೂರು ನೆಗೆಟಿವ್ ಈಗ ಕ್ಯಾಮೆರಾದ ಡಬ್ಬಿಯಲ್ಲೇ ಇವೆ, ಬೇರೆ ಲಕೋಟೆಯಲ್ಲಿ. ಬಿಡಿಸಬಲ್ಲವರು ಯಾರಾದರೂ ಸಿಕ್ಕಿಯಾರು ಎಂದು ಕಾಯುತ್ತಿದ್ದೇವೆ, ತೇವ ಹೆಚ್ಚಾಗದ ಹಾಗೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿರುವುದು. ಈ ಸಲ ಪತ್ತನಾಜೆ ಕಳೆದ ಎರಡನೇ ದಿನವೇ ಮಳೆ ಹಿಡಿಯಿತು. ಹರಳು ಹುರಿದು ಹಾಕಿ ಆಗಿದೆ. ಇವತ್ತು ಬೆಳಿಗ್ಗೆ ಮೀಟರು ಹೊರಗೆ ಎಂಬತ್ತೆಂಟು, ಡಬ್ಬಿಯೊಳಗೆ ನಲುವತ್ತಾರು. ಅದನ್ನು ದಿನಾ ಓದಿ ಹೇಳುವ ಕೆಲಸ ಈಗ ಅತ್ತೆಯದ್ದು.